ಬೇವಿನಕಟ್ಟೆಯ ಬೂದು ಚುಕ್ಕೆ

ಗಾಡಿಗೆ ಕಣ್ಣು ಬೇಡವೆಂದು ತೀರ್ಮಾನಿಸಿದವರು ಊರಿನ ಜನರೇ.

ಹುಬ್ಬಳ್ಳಿ ಧಾರವಾಡಗಳ ನಡುವೆ ಚಾಲಕನಿಲ್ಲದ ಗಾಡಿಗಳನ್ನು ಓಡಿಸುವ ಮೊದಲು ಓಣಿ ಓಣಿಯಲ್ಲಿ ಸಭೆ ನಡೆದಿತ್ತು. ಕ್ಯಾಮೆರಾ ಹಾಕಿದರೆ ಯಾರು ಎಲ್ಲಿಗೆ ಹೋದರು, ಯಾರ ಜೊತೆ ಹೋದರು ಎಂಬುದೆಲ್ಲ ಯಾರದೋ ಕೈಗೆ ಸಿಗುತ್ತದೆಂದು ಹೆಂಗಸರು ತಕರಾರು ಎತ್ತಿದರು. ಫೋನಿನಿಂದ ಗಾಡಿ ಕರೆಯುವ ಪದ್ಧತಿ ಇಟ್ಟರೆ ಫೋನು ಬಾರದವರು ಏನು ಮಾಡಬೇಕೆಂದು ಮುದುಕರು ಕೇಳಿದರು. ಕೊನೆಗೆ ಎಲ್ಲರೂ ಒಪ್ಪಿದ್ದು ಒಂದೇ ಮಾತಿಗೆ: ಹೆಸರು ಬೇಡ, ಮುಖ ಬೇಡ, ಭಾರ ಸಾಕು.

ಹಾಗಾಗಿ ನಿಲ್ದಾಣಗಳು ಕಟ್ಟೆಗಳಾದವು. ಒಂದು ಮರ, ಮರದ ಸುತ್ತ ಕಲ್ಲಿನ ಕಟ್ಟೆ, ಹಾಸುಗಲ್ಲಿನ ಕೆಳಗೆ ಭಾರ ತಿಳಿಯುವ ತಗಡು. ಕಟ್ಟೆಯ ಮೇಲೆ ಭಾರವಿದ್ದರೆ ದೂರದಲ್ಲಿರುವ ಗಾಡಿಗೆ ಸುದ್ದಿ ಮುಟ್ಟುತ್ತದೆ. ಗಾಡಿ ಬಂದು ನಿಲ್ಲುತ್ತದೆ, ಭಾರ ಇನ್ನೂ ಕಟ್ಟೆಯ ಮೇಲೇ ಇದ್ದರೆ ಹತ್ತಲು ತಡವಾಗಿದೆಯೆಂದು ತಿಳಿದು ಒಂದು ನಿಮಿಷ ಕಾಯುತ್ತದೆ. ಭಾರವಿಲ್ಲದಿದ್ದರೆ ನಿಲ್ಲದೆ ಹೋಗುತ್ತದೆ. ಅಡ್ಡ ಬಂದದ್ದಕ್ಕೆ ಡಿಕ್ಕಿ ಹೊಡೆಯದಷ್ಟು ಸೂಕ್ಷ್ಮ ಅದರ ಮೂತಿಗಿತ್ತು, ಅಷ್ಟೆ. ಅಕ್ಕಪಕ್ಕದ್ದು ಅದಕ್ಕೆ ಕಾಣದು.

ಉಳಿತಾಯವೆಲ್ಲ ಆ ನಿಲ್ಲದೆ ಹೋಗುವುದರಲ್ಲೇ ಇತ್ತು. ಅಷ್ಟು ದೊಡ್ಡ ಗಾಡಿಯನ್ನು ನಿಲ್ಲಿಸಿ ಮತ್ತೆ ಎಬ್ಬಿಸುವುದೆಂದರೆ, ತುಂಬಿದ ಕೊಡ ಹೊತ್ತವಳನ್ನು ಹತ್ತು ಹೆಜ್ಜೆಗೊಮ್ಮೆ ಕೂಡಿಸಿ ಏಳಿಸಿದ ಹಾಗೆ. ಪೆಟ್ರೋಲು ಡೀಸೆಲ್ಲು ಸಾಮಾನ್ಯರ ಕೈಗೆ ಎಟುಕದಂತಾಗಿ ವರ್ಷಗಳೇ ಆಗಿದ್ದವು. ಊರಿನ ಮಾಳಿಗೆಗಳ ಮೇಲೆ ಬಿದ್ದ ಬಿಸಿಲಿನಿಂದ ಬಂದದ್ದೇ ಆ ದಿನದ ವಿದ್ಯುತ್ತು. ಆಸ್ಪತ್ರೆಗಳ ಪಾಲು ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಗಾಡಿ ಓಡಬೇಕು, ನೀರಿನ ಪಂಪು ತಿರುಗಬೇಕು. ಗಾಡಿ ಉಳಿಸಿದ್ದು ಪಂಪಿಗೆ. ಆದ್ದರಿಂದ ಗಾಡಿ ಸುಮ್ಮನೆ ನಿಂತಿತೆಂದರೆ ಯಾರದೋ ಮನೆಯ ನಳ ಒಣಗಿತೆಂದೇ ಅರ್ಥ.

ಅವಳಿನಗರ ಸಂಚಾರ ಸಹಕಾರ ಸಂಘದ ನಿಯಂತ್ರಣ ಕೊಠಡಿಯಲ್ಲಿ ಯಾವ ಭಾರಕ್ಕೆ ನಿಲ್ಲಬೇಕು, ಯಾವುದಕ್ಕೆ ನಿಲ್ಲಬಾರದು ಎಂಬ ನಿಯಮಗಳನ್ನು ಬರೆಯುವವಳು ಸ್ವರೂಪಾ ಮಮ್ಮಿಗಟ್ಟಿ. ಗಂಡನಿಂದ ಬೇರೆಯಾದ ಮೇಲೆ ಧಾರವಾಡದಲ್ಲಿ ಅವ್ವನ ಜೊತೆ ಮನೆ ಮಾಡಿಕೊಂಡಿದ್ದಳು. ಒಂದು ಬಲ್ಬು ಸುಮ್ಮನೆ ಉರಿದರೆ ಎದೆ ಉರಿಯುವ ಸ್ವಭಾವ. ಬೆಳಿಗ್ಗೆ ಚಪ್ಪಲಿ ಮೆಟ್ಟಿದ ಮೇಲೆ ಫ್ಯಾನು ಆರಿಸಿದೆನೋ ಇಲ್ಲವೋ ಎಂದು ಒಳಗೆ ಹೋಗುತ್ತಾಳೆ. ಬೀಗ ಹಾಕಿದ ಮೇಲೆ ನಳ ಬಿಗಿ ಮಾಡಿದೆನೋ ಎಂದು ಮತ್ತೆ ತೆಗೆಯುತ್ತಾಳೆ. ಹೀಗಾಗಿ ಅವಳು ಬೇಗ ಎದ್ದ ದಿನವೂ ತಡ, ತಡವಾಗಿ ಎದ್ದ ದಿನವೂ ತಡ. ಆದರೂ ಗಾಡಿ ತಪ್ಪುತ್ತಿರಲಿಲ್ಲ. ಓಣಿಯ ಕೊನೆಯ ಬೇವಿನಕಟ್ಟೆಯನ್ನು ಅವಳು ಏದುಸಿರು ಬಿಡುತ್ತ ಮುಟ್ಟುವ ಹೊತ್ತಿಗೆ ಗಾಡಿ ಬಾಗಿಲು ತೆರೆದು ನಿಂತಿರುತ್ತಿತ್ತು. ಬೆಳಗಿನ ಗಾಳಿಗೆಂದು ಮೊದಲೇ ಬಂದಿದ್ದ ಅವ್ವ ಮಹಾದೇವಿ ಕೈಬೀಸಿ ಕರೆಯುತ್ತಿದ್ದಳು.

"ಲಗೂ ಬಾ ಯವ್ವಾ! ಬಂದು ನಿಂತೈತಿ ನೋಡು ನಿನ್ನ ದಿಬ್ಬಣ!"

ತನ್ನ ಅದೃಷ್ಟ ಒಳ್ಳೆಯದೆಂದುಕೊಂಡು ಸ್ವರೂಪಾ ಹತ್ತಿಬಿಡುತ್ತಿದ್ದಳು. ಕಟ್ಟೆಯ ಮೇಲೆ ಏನಿದೆಯೆಂದು ತಿರುಗಿ ನೋಡುವಷ್ಟು ಪುರಸೊತ್ತು ಅವಳಿಗೆ ಎಂದೂ ಇರಲಿಲ್ಲ.

ಮೊದಲು ಅನುಮಾನ ಬಂದದ್ದು ಅವಳ ಜೊತೆಗೆ ಕೆಲಸ ಮಾಡುವ ಇಮ್ತಿಯಾಜನಿಗೆ. ಗಾಡಿ ಬಂದು ನಿಲ್ಲುತ್ತದೆ, ಪೂರ್ತಿ ನಿಮಿಷ ಕಾಯುತ್ತದೆ, ಆಮೇಲೆ ಯಾರೋ ಓಡಿ ಬಂದು ಹತ್ತುತ್ತಾರೆ; ಅಥವಾ ಯಾರೂ ಹತ್ತುವುದಿಲ್ಲ. ಕಟ್ಟೆಯ ಮೇಲಿನ ಭಾರ ಮಾತ್ರ ಹಾಗೆಯೇ ಇರುತ್ತದೆ. ಇಬ್ಬರೂ ಹೋಗಿ ನೋಡಿದರು. ಹುಬ್ಬಳ್ಳಿಯ ಒಂದು ಕಟ್ಟೆಯ ಮೇಲೆ ರುಬ್ಬುವ ಗುಂಡುಕಲ್ಲು ಕೂತಿತ್ತು. ಅದಕ್ಕೆ ವಿಭೂತಿ ಬಳಿದು ಮೇಲೊಂದು ಚೆಂಡುಹೂ ಇಟ್ಟಿದ್ದರು.

ಎತ್ತಿ ಕೆಳಗಿಡಲು ಇಮ್ತಿಯಾಜ ಬಾಗಿದಾಗ ಎದುರು ಮನೆಯ ಹೆಂಗಸು ಬಾಗಿಲಲ್ಲಿ ನಿಂತೇ ಕೂಗಿದಳು. "ಏ, ಮುಟ್ಟಬ್ಯಾಡ್ರಿ! ದೇವರೈತಿ ಅದು!"

"ಯಾವ ದೇವರ್ರೀ ಅಕ್ಕಾರ?"

"ಗಾಡಿ ನಿಂದರಸೋ ದೇವರು. ನಮ್ಮ ಪಾಲಿಗೆ ಭಾಳ ಜಾಗೃತ ಐತಿ."

ಇಮ್ತಿಯಾಜ ನಗು ತಡೆಯಲಾರದೆ ಸ್ವರೂಪಾಳ ಕಡೆ ತಿರುಗಿದ. "ಮೇಡಮ್ರ, ಇದನ್ನ ನಾ ಎತ್ತಿದ್ರ ನಾಳೆ ಪೇಪರಿನ್ಯಾಗ ನನ್ನ ಹೆಸರು. ನೀವs ಎತ್ರಿ."

ಅವಳೂ ಎತ್ತಲಿಲ್ಲ. ಊರಿನ ಅರ್ಧಕ್ಕರ್ಧ ಕಟ್ಟೆಗಳಲ್ಲಿ ಇಂಥ ಕಲ್ಲುಗಳಿವೆಯೆಂಬುದು ಆ ವಾರ ತಿಳಿಯಿತು. ಒರಳಿನ ಗುಂಡು, ಬೀಸುವ ಕಲ್ಲಿನ ಹೋಳು, ಎಲ್ಲೋ ಒಂದು ಕಡೆ ಹಳೆಯ ಹೊಲಿಗೆ ಯಂತ್ರ. ಮೊದಲು ಬಂದವರು ಕಲ್ಲನ್ನು ಮೇಲಿಡಬೇಕು, ಕೊನೆಗೆ ಹತ್ತಿದವರು ಕೆಳಗಿಡಬೇಕು. ನಡುವೆ ತಡವಾದವರಿಗಾಗಿ ಗಾಡಿ ಕಾಯುತ್ತದೆ.

ಸಂಜೆ ಮನೆಯಲ್ಲಿ ಹೇಳಿದಾಗ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಲಿಲ್ಲ.

"ಅದರಾಗೇನ್ ತಪ್ಪೈತಿ? ನಳದ ಮುಂದ ಕೊಡಾ ಇಟ್ಟು ಪಾಳಿ ಹಿಡದಂಗ. ಕೊಡಾ ಕಂಡ್ರ, ಕೊಡದಾಕಿ ಬರ್ತಾಳ ಅಂತ ತಿಳ್ಕೋಬೇಕಪಾ."

"ಗಾಡಿಗೆ ಅದು ತಿಳಿಯೂದಿಲ್ಲವ್ವಾ."

"ತಿಳಿಸಿದ್ರ ತಿಳೀತೈತಿ. ನೀನs ಅಲ್ಲೇನು ಅದಕ್ಕ ಬುದ್ಧಿ ಹೇಳಾಕಿ?"

"ಒಂದು ಗಾಡಿ ಸುಮ್ನ ನಿಂತ್ರ ಎಷ್ಟು ನೀರು ಹೋಗ್ತಾವ ಗೊತ್ತೈತೇನು ನಿನಗ?"

ನೀರಿನ ಮಾತು ಬಂದ ಕೂಡಲೇ ಮಹಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಎಂಟು ದಿನಕ್ಕೊಮ್ಮೆ ಬರುವ ನೀರಿಗೆ ಪಾಳಿ ಹಚ್ಚಿ ಬದುಕು ಕಳೆದವಳು ಅವಳು. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, "ಹಂಗಾರ ಏನ್ ಮಾಡ್ತಿ ಮಾಡು" ಎಂದಳು.

ಸ್ವರೂಪಾ ಮೊದಲನೆಯ ನಿಯಮ ಬರೆದಳು. ಮನುಷ್ಯ ಎಷ್ಟೇ ಸುಮ್ಮನೆ ಕೂತರೂ ಕಾಲು ಬದಲಿಸುತ್ತಾನೆ, ಮೈ ತುರಿಸುತ್ತಾನೆ, ಉಸಿರಾಡುತ್ತಾನೆ. ಕಲ್ಲು ಅಲುಗದು. ಆದ್ದರಿಂದ ಅಲುಗದ ಭಾರ ಭಾರವಲ್ಲ. ಅವಳ ಪರದೆಯ ಮೇಲೆ ಮನುಷ್ಯರಿದ್ದ ಕಟ್ಟೆಗಳಲ್ಲಿ ಹಸಿರು ಚುಕ್ಕೆ ಹತ್ತುತ್ತಿತ್ತು. ಲೆಕ್ಕಕ್ಕಿಲ್ಲದ ಭಾರಗಳು ಬೂದು ಚುಕ್ಕೆಗಳಾದವು. ಊರಿನ ದೇವರುಗಳೆಲ್ಲ ಒಂದೇ ದಿನದಲ್ಲಿ ಬೂದಿಯಾದವೆಂದು ಇಮ್ತಿಯಾಜ ನಕ್ಕ. ಗಾಡಿಗಳು ಹಗುರಾಗಿ ಓಡಿದವು. ಪಂಪುಗಳು ಹೆಚ್ಚು ಹೊತ್ತು ತಿರುಗಿದವು. ಆ ತಿಂಗಳು ನಳದಲ್ಲಿ ದಿನ ಬಿಟ್ಟು ದಿನ ನೀರು ಬಂತು. ಮಹಾದೇವಿ ಹಂಡೆ ತುಂಬಿದ ಮೇಲೂ ನಳ ನಿಲ್ಲಿಸದೆ ಅದರ ಕೆಳಗೆ ಒಂದು ಗಳಿಗೆ ಕೈ ಹಿಡಿದಳು. "ಯಾರ ಮಗಳು ಇದನ್ನ ಮಾಡ್ಯಾಳ ಅಂತ ಕೇಳ್ರಿ" ಎಂದು ಕಾಂಪೌಂಡಿನ ಆಚೆಗಿದ್ದ ಶೈಲಾಳಿಗೆ ಕೇಳಿಸುವಂತೆ ಹೇಳಿದಳು. ಶೈಲಾ ಹುಬ್ಬಳ್ಳಿಯ ಬ್ಯಾಂಕಿಗೆ ಹೋಗುವವಳು, ಮನೆಯಲ್ಲಿ ಎಳೆ ಕೂಸು. ಅವಳೂ ನಕ್ಕಳು.

ಬೇಸಿಗೆ ಬಲಿಯಿತು. ಆಗ ಪರದೆಯ ಮೇಲೆ ಹೊಸದೊಂದು ಕಾಣಿಸಿಕೊಂಡಿತು. ಕಟ್ಟೆಯ ಮೇಲೆ ಭಾರವಿದೆ, ಅದು ಅಲುಗುತ್ತದೆ, ಉಸಿರಾಡುತ್ತದೆ. ಗಾಡಿ ಬಂದು ನಿಲ್ಲುತ್ತದೆ. ಭಾರ ಹತ್ತುವುದಿಲ್ಲ. ಇನ್ನೊಂದು ಗಾಡಿ ಬರುತ್ತದೆ. ಆಗಲೂ ಹತ್ತುವುದಿಲ್ಲ.

"ಕಲ್ಲಿಗೆ ಜೀವ ಬಂತಲ್ರೀ ಮೇಡಮ್ರ" ಎಂದ ಇಮ್ತಿಯಾಜ. "ನಮ್ಮ ಮಂದಿ ಏನ್ ಕಡಿಮಿ ಅಲ್ಲ. ಕೋಳಿ ಬುಟ್ಟಿ ಇಟ್ಟಾರೋ, ಆಡು ಕಟ್ಯಾರೋ. ಒಮ್ಮೆ ಹೋಗಿ ನೋಡಿ ಬರೂಣೇನ್ರಿ?"

ಹೋಗಿ ನೋಡಬಹುದಿತ್ತು. ಆದರೆ ಹೊರಗೆ ಬೆಂಕಿಯಂಥ ಬಿಸಿಲು. ಮೇಲಾಗಿ ಬೇರೆ ಜಿಲ್ಲೆಯ ಒಂದು ಊರಿನಿಂದ ತಂಡವೊಂದು ಈ ವ್ಯವಸ್ಥೆಯನ್ನು ನೋಡಲು ಬರುವುದಿತ್ತು, ಅವರ ಊರಿನಲ್ಲೂ ಇಂಥವೇ ಗಾಡಿಗಳು, ಇಂಥದೇ ನೀರಿನ ತಾಪತ್ರಯ. ಅಷ್ಟರೊಳಗೆ ಲೆಕ್ಕ ಸರಿಯಾಗಬೇಕಿತ್ತು.

"ಬ್ಯಾಡ" ಎಂದಳು ಸ್ವರೂಪಾ. "ಹತ್ತಾಕ ಬಂದಾವ ಮೊದಲ್ನೇ ಗಾಡಿಗೇ ಹತ್ತತಾನ. ಧಾರವಾಡದಿಂದ ಹೋಗೂವೆಲ್ಲಾ ಹುಬ್ಬಳ್ಳಿಗೇ ಹೋಗ್ತಾವ, ಆರಿಸಿ ಹತ್ತಾಕ ಏನೈತಿ? ಮೊದಲ್ನೇ ಗಾಡಿ ಹತ್ತಲಿಲ್ಲಂದ್ರ ಆ ಭಾರ ಅವತ್ತು ಲೆಕ್ಕಕ್ಕ ಬ್ಯಾಡ."

"ಇಳದು ಮತ್ತ ಏರಿದ್ರ?"

"ಅದೇ ತೂಕ ಇದ್ರ ಅದೇ ಭಾರ. ಒಂದೆರಡು ಕಿಲೋ ಹೆಚ್ಚುಕಡಿಮಿ ಹಿಡಿಯೂಣು. ಇಲ್ಲಾಂದ್ರ ಬುಟ್ಟಿ ಎತ್ತಿಟ್ಟು ಎತ್ತಿಟ್ಟು ಮತ್ತ ಮೋಸ ಮಾಡ್ತಾರ."

ಇಮ್ತಿಯಾಜ ಗಲ್ಲ ಕೆರೆದುಕೊಂಡ. "ಮನಿಷ್ಯಾನs ಸುಮ್ನ ಕುಂತಿದ್ರ?"

"ಸುಮ್ನ ಯಾಕ ಕುಂಡ್ರತಾನೋ ಇಮ್ತಿಯಾಜ, ಈ ಬಿಸಲಾಗ?"

ಧಾರವಾಡದಲ್ಲಿ ಹುಟ್ಟಿ ಬೆಳೆದವಳು ಆಡಿದ ಮಾತು ಅದು. ಊರಿಗೆಲ್ಲ ಕಟ್ಟೆ ಕಟ್ಟಿಸಿದವರು, ಕಟ್ಟೆ ಇರುವುದೇ ಸುಮ್ಮನೆ ಕೂಡುವುದಕ್ಕೆ ಎಂಬುದನ್ನು ಮರೆತಿದ್ದರು. ಬೂದು ಚುಕ್ಕೆ ಬೀಳಲಿದ್ದ ಕಟ್ಟೆಗಳ ಹೆಸರು ಪರದೆಯ ಮೇಲೆ ಸರಿದುಹೋದಾಗ ಅದರಲ್ಲಿ ಬೇವಿನಕಟ್ಟೆಯೂ ಇತ್ತು. ತಮ್ಮ ಓಣಿಯವರೂ ಶುರು ಮಾಡಿದ್ದಾರಲ್ಲ ಎಂದು ಅವಳಿಗೆ ಸ್ವಲ್ಪ ನಾಚಿಕೆಯಾಯಿತು. ಅಷ್ಟೇ ಆದದ್ದು.

ತಂಡ ಬಂದ ದಿನದ ಬೆಳಗಿನಿಂದಲೇ ಹೊಸ ನಿಯಮ ಜಾರಿಗೆ ಬಂತು. ಸ್ವರೂಪಾ ಆ ದಿನ ಸಂಘದ ಗಾಡಿಯಲ್ಲಿ ನಸುಕಿನಲ್ಲೇ ಹೊರಟುಹೋಗಿದ್ದಳು. ಕೊಠಡಿಯ ಪದ್ಧತಿಯಂತೆ ಫೋನನ್ನು ಹೊರಗಿನ ಕಪಾಟಿನಲ್ಲಿಟ್ಟಳು.

ಬಂದವರು ನಾಲ್ಕಾರು ಮಂದಿ. ಅವರ ಮುಖ್ಯಸ್ಥೆ ಕನ್ನಡಕದ ಹೆಂಗಸು, ಪ್ರತಿಯೊಂದನ್ನೂ ಕೆದಕಿ ಕೇಳುವವರು. ಗೋಡೆಯಗಲದ ಪರದೆಯಲ್ಲಿ ಎರಡು ಊರುಗಳ ನಡುವಿನ ರಸ್ತೆ ಉದ್ದಕ್ಕೂ ಮಲಗಿತ್ತು. ಅದರ ಮೇಲೆ ಗಾಡಿಗಳು ಇರುವೆಗಳಂತೆ ಹರಿಯುತ್ತಿದ್ದವು. ಬಿಸಿಲೇರುತ್ತಿದ್ದಂತೆ ಗಾಡಿಗಳ ಬಿಸಿಲು ಬೀಳುವ ಕಡೆಯ ಕಿಟಕಿಗಳಿಗೆ ಪರದೆ ತಾನಾಗಿ ಇಳಿಯುವುದನ್ನು ಸ್ವರೂಪಾ ವಿವರಿಸಿದಳು. ಒಳಗಿನ ತಂಪು ಹೊರಗೆ ಹೋಗಬಾರದು, ಅದೂ ಉಳಿತಾಯವೇ.

"ಅದೇನದು, ಅಲ್ಲಿ ಮಿನುಗ್ತಾ ಇರೋದು?" ಎಂದು ಆ ಹೆಂಗಸು ಬೆರಳು ಮಾಡಿ ಕೇಳಿದರು.

ಧಾರವಾಡದ ಕಡೆ ಒಂದು ಬೂದು ಚುಕ್ಕೆ ಹತ್ತಿ ಆರುತ್ತಿತ್ತು. ಸ್ವರೂಪಾ ಹತ್ತಿರ ಹೋಗಿ ನೋಡಿದಳು. ಬೇವಿನಕಟ್ಟೆ. ತನ್ನದೇ ಓಣಿಯೆಂದು ಹೇಳಿಕೊಳ್ಳಲು ಮನಸ್ಸಾಗಲಿಲ್ಲ.

"ಅದೊಂದು ಮೋಸದ ಭಾರ ಮೇಡಂ" ಎಂದಳು. "ಮೊದಲನೇ ಗಾಡಿ ಹತ್ತಿಲ್ಲ. ಈಗ ಗಾಡಿ ನಿಲ್ಲುತ್ತಿಲ್ಲ ಅಂತ ಎತ್ತಿ ಎತ್ತಿ ಇಡ್ತಿದ್ದಾರೆ. ಕೈ ಸೋತ ಮೇಲೆ ಬಿಡ್ತಾರೆ."

ಒಂದು ಗಾಡಿ ಬೇವಿನಕಟ್ಟೆಯನ್ನು ದಾಟಿ ಹೋಯಿತು. ಚುಕ್ಕೆ ಆರಿತು. ಮತ್ತೆ ಹತ್ತಿತು. ಇನ್ನೊಂದು ಗಾಡಿ ದಾಟಿತು. ಚುಕ್ಕೆ ಈ ಸಲ ಬೇಗ ಬೇಗ ಮಿನುಗಿತು.

"ಭಾರಿ ಹಠಮಾರಿ ಕಲ್ಲು ಬಿಡ್ರಿ" ಎಂದ ಇಮ್ತಿಯಾಜ. ಎಲ್ಲರೂ ನಕ್ಕರು. ಸ್ವರೂಪಾ ಕೂಡ.

ಚಹಾ ಬಂತು. ಚಹಾ ಕುಡಿಯುತ್ತ ನೋಡುತ್ತಿದ್ದಾಗಲೇ ಆ ಬೂದು ಚುಕ್ಕೆ ಆರಿತು, ಮತ್ತೆ ಹತ್ತಲಿಲ್ಲ. ಕೈ ಸೋತಿತೆಂದು ಯಾರೋ ಅಂದರು. ತುಸು ಹೊತ್ತಿನ ಮೇಲೆ ಅದರ ಮುಂದಿನ ಕಟ್ಟೆಯಲ್ಲಿ ಹಸಿರು ಚುಕ್ಕೆಯೊಂದು ಹತ್ತಿಕೊಂಡಿತು. ಬರುತ್ತಿದ್ದ ಗಾಡಿ ಮೆಲ್ಲಗೆ ವೇಗ ಇಳಿಸಿ ಅಲ್ಲಿ ನಿಂತಿತು.

"ನೋಡಿ" ಎಂದಳು ಸ್ವರೂಪಾ. ಅವಳ ದನಿಯಲ್ಲಿ ಹೆಮ್ಮೆಯಿತ್ತು. "ನಿಜವಾದ ಮನುಷ್ಯರಿದ್ದಲ್ಲಿ ಹೇಗೆ ನಿಲ್ಲುತ್ತೆ ನೋಡಿ."

ತಂಡವನ್ನು ಊಟಕ್ಕೆ ಕಳಿಸಿ ಕಪಾಟು ತೆಗೆದಾಗ ಫೋನಿನಲ್ಲಿ ಅವ್ವನ ಕರೆಗಳು ಒಂದರ ಮೇಲೊಂದು ಬಿದ್ದಿದ್ದವು. ಕೊನೆಯದು ಮಾತ್ರ ದೊಡ್ಡವ್ವನ ಮಗ ರಾಚಯ್ಯನದು. ಅವಳು ಅವನಿಗೇ ಮಾಡಿದಳು.

"ಅವ್ವ ಹೋದ್ಲು ಸ್ವರೂಪಾ" ಎಂದ ರಾಚಯ್ಯ. "ಒಂದು ತಾಸಾತು. ಚಿಗವ್ವ ಈಗ ಬಂದ್ಲು."

ಕಸ್ತೂರಿ ದೊಡ್ಡವ್ವ ಮಹಾದೇವಿಯ ಒಬ್ಬಳೇ ಅಕ್ಕ. ಹುಬ್ಬಳ್ಳಿಯ ದವಾಖಾನೆಯಲ್ಲಿ ಮಲಗಿ ಕೆಲವು ದಿನಗಳಾಗಿದ್ದವು. ಭಾನುವಾರ ಹೋಗಿ ಬಂದಿದ್ದರು. ಮುಂದಿನ ವಾರ ಮನೆಗೆ ಕಳಿಸುತ್ತಾರೆಂದೇ ಎಲ್ಲರೂ ತಿಳಿದಿದ್ದರು. ಆ ಬೆಳಿಗ್ಗೆ ಒಮ್ಮೆಲೇ ಉಸಿರು ಕಟ್ಟಿ, ಮಾದೇವಿಯನ್ನು ಕರೆಸಿರೆಂದು ಅವಳೇ ಹೇಳಿದಳಂತೆ. ರಾಚಯ್ಯ ಕೂಡಲೇ ಫೋನು ಮಾಡಿದ್ದ. ಮಂಚದ ಪಕ್ಕದ ಕುರ್ಚಿಯ ಮೇಲೆ ಕಸ್ತೂರಿ ತನ್ನ ಟವೆಲ್ಲನ್ನು ಹಾಕಿಸಿ, "ಇದು ಮಾದೇವಿಗೆ. ಯಾರೂ ಕುಂಡ್ರಬ್ಯಾಡ್ರಿ" ಎಂದಿದ್ದಳಂತೆ. ನರ್ಸು ಬಂದು ಕೂಡಲು ಹೋದಾಗಲೂ ಕೈಯಾಡಿಸಿ ಬೇಡವೆಂದಳಂತೆ.

ಸ್ವರೂಪಾ ಹೋದಾಗ ಮಂಚ ಖಾಲಿಯಾಗಿತ್ತು. ಅವ್ವ ಆ ಕುರ್ಚಿಯ ಮೇಲೆ ಕೂತಿದ್ದಳು. ಟವೆಲ್ಲು ಮಡಿಚಿ ತೊಡೆಯ ಮೇಲಿತ್ತು, ಅದರ ಮೇಲೆ ಅಕ್ಕನಿಗೆಂದು ತಂದ ಸಿಹಿ ಮಾದಲಿಯ ಡಬ್ಬಿ. ಮುಖ ಬಿಸಿಲಿಗೆ ಕೆಂಪಾಗಿ ತುಟಿ ಒಡೆದಿತ್ತು.

"ಎಷ್ಟು ಗಾಡಿ ಹೋದುವು ಸ್ವರೂ" ಎಂದಳು. ಅಳುತ್ತಿರಲಿಲ್ಲ, ಲೆಕ್ಕ ಹತ್ತದವಳಂತೆ ಕೇಳುತ್ತಿದ್ದಳು. "ಕುಂತು ನೋಡಿದೆ, ನಿಂತು ನೋಡಿದೆ. ಇಳದು ಕೈ ಮಾಡಿದೆ, ಮತ್ತ ಓಡಿ ಹೋಗಿ ಏರಿದೆ. ಕಿಟಕಿಗೆಲ್ಲಾ ಪರದೆ ಬಿಟ್ಟಿದ್ರು, ಒಳಗಿನ ಮಂದಿಗೂ ಕಾಣಲಿಲ್ಲ. ಓಣ್ಯಾಗ ಒಂದು ನರಪಿಳ್ಳಿ ಇಲ್ಲ. ಆಟೋದವ ಮಧ್ಯಾಹ್ನದ ಮ್ಯಾಲೆ ಅಂದ. ನಡು ರಸ್ತೆದಾಗ ಹೋಗಿ ನಿಂತ್ರ ನಿಲ್ಲತಿತ್ತೋ ಏನೋ. ಧೈರ್ಯ ಆಗಲಿಲ್ಲವ್ವಾ." ಡಬ್ಬಿಯ ಮುಚ್ಚಳವನ್ನು ಒತ್ತಿ ನೋಡಿದಳು. "ಕೊನಿಗೆ ನಡಕೋತ ಮುಂದಿನ ಕಟ್ಟಿಗೆ ಹ್ವಾದೆ. ಅಲ್ಲೆ ಹಿಂಗ ಏರಿದೆ, ಹಂಗ ಬಂದು ನಿಂತ್ತು. ನಮ್ಮ ಕಟ್ಟಿಗೆ ಯಾಕ ನಿಲ್ಲಲಿಲ್ಲ?"

ಬೂದು ಚುಕ್ಕೆ ಆರಿದ್ದು, ಹಸಿರು ಚುಕ್ಕೆ ಹತ್ತಿದ್ದು, ಎರಡೂ ಸ್ವರೂಪಾಳ ಕಣ್ಣ ಮುಂದೆ ಬಂದವು. ಆ ನಡುವಿನ ಹೊತ್ತಿನಲ್ಲಿ ತಾನು ಚಹಾ ಕುಡಿದಿದ್ದಳು. ಆದರೆ ಒಂದು ಮಾತು ಮಾತ್ರ ಅವಳಿಗೆ ಅರ್ಥವಾಗಲಿಲ್ಲ. ಗಾಡಿ ಅವ್ವನನ್ನು ಬಿಟ್ಟು ಹೋಗಬೇಕಾದರೆ ಅವ್ವ ಅದಕ್ಕೂ ಮೊದಲು ಕಟ್ಟೆಯ ಮೇಲೆ ಕೂತು, ಹತ್ತದೆ ಬಿಟ್ಟಿರಬೇಕು. ಯಾಕೆ?

ಅದನ್ನು ತಿಳಿಸಿದವಳು ಶೈಲಾ. ಮಣ್ಣು ಮುಗಿಸಿ ಬಂದ ಮರುದಿನ ಕೂಸನ್ನು ಎತ್ತಿಕೊಂಡು ಮಾತಾಡಿಸಲು ಬಂದಿದ್ದಳು. ಮಹಾದೇವಿ ಒಳಗೆ ಮಲಗಿದ್ದಳು.

"ಮಾದೇವಕ್ಕಾರು ಕುಂತ್ರು ಅಂದ್ರ ಗಾಡಿ ನಿಂತಂಗs ರೀ" ಎಂದಳು ಶೈಲಾ. "ಈ ಕೂಸಿಗೆ ಎರಡು ತುತ್ತು ಇಟ್ಟು ನಾ ಓಡಿ ಹೋಗೂತನಕ ಗಾಡಿ ಹಿಡಕೊಂಡು ಕುಂಡ್ರತಿದ್ರು. ಅವತ್ತೂ ಕುಂತಿದ್ರು ನನ್ನ ಸಲುವಾಗಿ. ನಾ ಹತ್ತಿದ ಮ್ಯಾಲೆ ಮನಿಗೆ ಹ್ವಾದ್ರು."

"ಅವ್ವ ಕುಂಡ್ರತಿದ್ಲಾ?"

"ಕಲ್ಲು ನಡೆಯೂದಿಲ್ಲಂತ ಆದ ಮ್ಯಾಲೆ ಎಲ್ಲಾ ಓಣ್ಯಾಗೂ ಹಿರೇರನ್ನ ಕುಂಡ್ರಸತಾರಲ್ರೀ. ಕಲ್ಲಿದ್ದಾಗಲೂ ಅದು ನಿಮ್ಮ ಮನಿ ಕಲ್ಲs. ನಿಮಗ ಗೊತ್ತಿಲ್ಲೇನು?" ಶೈಲಾ ಅವಳ ಮುಖ ನೋಡಿ ದನಿ ತಗ್ಗಿಸಿದಳು. "ನಿಮಗೂ ಹಿಡೀತಿದ್ರು ಸ್ವರೂಪಕ್ಕ. ಮೊದಲು ಕಲ್ಲಿಟ್ಟು, ಆಮ್ಯಾಲೆ ತಾವs ಕುಂತು. ನಿಮ್ಮನ್ನ ಹತ್ತಿಸೇ ಏಳ್ತಿದ್ರು ದಿನಾ."

ಸ್ವರೂಪಾ ಹಿತ್ತಲಿಗೆ ಹೋದಳು. ತುಳಸಿಯ ಪಕ್ಕದಲ್ಲಿ ಒರಳು ಬಾಯಿ ತೆರೆದುಕೊಂಡು ಕೂತಿತ್ತು. ಒಳಗೆ ಬೇವಿನ ಒಣ ಎಲೆಗಳು ತುಂಬಿದ್ದವು. ಗುಂಡುಕಲ್ಲು ಇರಲಿಲ್ಲ. ಅದು ಯಾವಾಗ ಹೋಯಿತೆಂದು ನೆನಪು ಮಾಡಿಕೊಳ್ಳಲು ನೋಡಿದಳು. ದಿನಕ್ಕೆರಡು ಸಲ ಅಲ್ಲಿಯ ನಳ ಬಿಗಿಯಾಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದವಳು, ಪಕ್ಕದ ಒರಳನ್ನು ನೋಡಿರಲಿಲ್ಲ.

ಹೇಳದೆ ಇದ್ದುಬಿಡಬಹುದಿತ್ತು. ಅವ್ವ ಅದನ್ನು ಗಾಡಿಯ ಗ್ರಹಚಾರವೆಂದೇ ತಿಳಿದು ಕ್ರಮೇಣ ಮರೆಯುತ್ತಿದ್ದಳೋ ಏನೋ. ಸ್ವರೂಪಾ ಮಾತನ್ನು ತೂಗಿ ನೋಡಿದಳು, ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ನೋಡಿದಳು. ಹೇಗೆ ಜೋಡಿಸಿದರೂ ಅದು ಹಗುರಾಗಲಿಲ್ಲ. ಒಂದು ಸಂಜೆ ಅವ್ವ ಮಾದಲಿಯ ಡಬ್ಬಿ ತೊಳೆಯುತ್ತಿದ್ದಾಗ ಹೇಳಿದಳು.

"ಅವ್ವಾ, ಅವತ್ತು ಗಾಡಿ ನಿಲ್ಲಲಾರದ್ದು ನನ್ನಿಂದ."

ನಿಯಮವನ್ನು ಹೇಳಿದಳು. ಮೊದಲನೆಯ ಗಾಡಿ ಹತ್ತದ ಭಾರ ಎಂದರೇನು, ಬೂದು ಚುಕ್ಕೆ ಎಂದರೇನು ಎಂಬುದನ್ನೂ ಹೇಳಿದಳು. ಮಹಾದೇವಿ ಪೂರ್ತಿ ಕೇಳಿದಳು. ಶೈಲಾ ಆ ಗಾಡಿ ತಪ್ಪಿಸಿಕೊಂಡಿದ್ದರೆ ಅವಳ ಸಂಬಳ ಕತ್ತರಿಸುತ್ತಿದ್ದರೆಂದು ಒಮ್ಮೆ ಮಾತ್ರ ಅಂದಳು. ಆಮೇಲೆ ಕೇಳಿದಳು.

"ನಿಮ್ಮ ಪರದೆದಾಗ ನಾ ಕಾಣತಿದ್ನೇನು?"

"ಚುಕ್ಕಿ ಆಗಿ ಕಾಣತಿದ್ದಿ."

"ಹತ್ತಿ ಇಳದದ್ದು? ಕೈ ಮಾಡಾಕ ಓಡಿದ್ದು?"

"ಹತ್ತಿ ಇಳದದ್ದು ಕಾಣತಿತ್ತು."

"ನೀನೂ ನೋಡಿದಿ?"

"ನೋಡಿದೆ ಅವ್ವಾ."

ಮಹಾದೇವಿ ಡಬ್ಬಿಯಲ್ಲಿ ನೀರು ತುಂಬಿ, ಕುಲುಕಿ, ತುಳಸಿಯ ಬುಡಕ್ಕೆ ಚೆಲ್ಲಿದಳು. ಒಂದು ಹನಿಯೂ ಆಚೆ ಬೀಳದಂತೆ ಚೆಲ್ಲಿದಳು.

"ನಾ ಏನ್ ತಿಳಕೊಂಡಿದ್ದೆ ಅಂದ್ರ, ಗಾಡಿಗೆ ನಾ ಕಾಣಲಿಲ್ಲ ಅಂತ. ಕಣ್ಣಿಲ್ಲದ್ದು, ಅದರದೇನು ತಪ್ಪು ಅಂತ ಸಮಾಧಾನ ಮಾಡ್ಕೊಂಡಿದ್ದೆ." ಡಬ್ಬಿಯನ್ನು ತುಳಸಿಯ ಕಟ್ಟೆಯ ಮೇಲೆ ಬೋರಲು ಹಾಕಿದಳು. "ಹಂಗಲ್ಲ ಹಂಗಾರ. ಕಂಡಿದ್ದೆ. ಕಂಡs ಬಿಟ್ಟು ಹೋಗ್ಯಾವ."

ಬೈಯಲಿಲ್ಲ. ಅಂದಿನ ಊಟಕ್ಕೆ ಎಂದಿನಂತೆ ತಾನೇ ಬಡಿಸಿದಳು. ಅವಳು ಬೈದಿದ್ದರೆ ಸ್ವರೂಪಾಳಿಗೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಎರಡನೆಯ ನಿಯಮವನ್ನು ಸ್ವರೂಪಾ ತೆಗೆದುಹಾಕಿದಳು. ಸಂಘದ ಕಾರ್ಯದರ್ಶಿ ಸುಲಭಕ್ಕೆ ಒಪ್ಪಲಿಲ್ಲ. ಒಂದು ಮನೆಯಲ್ಲಿ ಆದದ್ದಕ್ಕೆ ಊರಿನ ನೀರನ್ನು ಕಡಿಮೆ ಮಾಡುವುದು ಯಾವ ನ್ಯಾಯ ಎಂದು ಅವರು ಕೇಳಿದರು. ಇಮ್ತಿಯಾಜ ಅವಳ ಪರವಾಗಿ ನಿಂತ. ಹಠಮಾರಿ ಕಲ್ಲು ಅಂದವನು ತಾನೆಂದು ಅವನಿಗೆ ನಿದ್ದೆ ಇರಲಿಲ್ಲ. ಕನ್ನಡಕದ ಹೆಂಗಸಿಗೆ ಸ್ವರೂಪಾ ಎರಡು ಸಲ ಫೋನು ಮಾಡಿದಳು. ಅವರ ಊರಿನಲ್ಲಿ ಆಗಲೇ ನಿಯಮ ಜಾರಿಯಾಗಿ ನಳದಲ್ಲಿ ನೀರು ಹೆಚ್ಚಾಗಿತ್ತು. ಅವರು ಸಹಾನುಭೂತಿಯಿಂದಲೇ ಮಾತಾಡಿದರು, ಯೋಚಿಸುತ್ತೇವೆ ಎಂದರು. ಇಲ್ಲಿ ಮಾತ್ರ ನೀರು ಮತ್ತೆ ಒಂದು ದಿನ ಹಿಂದೆ ಸರಿಯಿತು. ಓಣಿಯ ಹೆಂಗಸರು ಗೊಣಗಿದರು. ಮಹಾದೇವಿ ಬಂದಷ್ಟನ್ನು ತುಂಬಿಕೊಂಡಳು. ಯಾರ ಮಗಳೆಂದು ಯಾರನ್ನೂ ಕೇಳಲು ಹೋಗಲಿಲ್ಲ.

ದೊಡ್ಡವ್ವನ ತಿಂಗಳ ತಿಥಿಯ ಊಟಕ್ಕೆ ಹೊರಟ ದಿನ ಬಿಸಿಲು ಹಾಗೆಯೇ ಇತ್ತು. ಸ್ವರೂಪಾ ಫ್ಯಾನಿನ ಗುಂಡಿಯನ್ನು ಒಂದೇ ಸಲ ನೋಡಿ ಅವ್ವನ ಹಿಂದೆಯೇ ಹೊರಬಿದ್ದಳು. ಬೇವಿನಕಟ್ಟೆಯ ಬಳಿ ನಿಂತಳು.

"ಇಲ್ಲೇ ನಿಲ್ತೈತೆವ್ವಾ. ಅದನ್ನ ತಗದೇನಿ."

ಮಹಾದೇವಿ ಕಟ್ಟೆಯನ್ನು ನೋಡಿದಳು. ಮರದ ಬುಡದಲ್ಲಿ ಅವರ ಗುಂಡುಕಲ್ಲು ಮಣ್ಣು ಮೆತ್ತಿಕೊಂಡು ಬಿದ್ದಿತ್ತು. "ನೀ ಹತ್ತು" ಎಂದು ಸೆರಗನ್ನು ತಲೆಯ ಮೇಲೆಳೆದುಕೊಂಡು, ಚೀಲ ಹಿಡಿದು ಮುಂದಿನ ಕಟ್ಟೆಯ ಕಡೆಗೆ ನಡೆದಳು.

ಜೊತೆಗೆ ಹೋಗಲು ಸ್ವರೂಪಾ ಎರಡು ಹೆಜ್ಜೆ ಇಟ್ಟಳು. ಅವ್ವ ತಿರುಗಿ ನೋಡದೆ ಬೇಡವೆಂದು ಕೈಯಾಡಿಸಿದಳು. ಆಗ ಹಿಂದಕ್ಕೆ ಬಂದು ಕಟ್ಟೆಯ ಮೇಲೆ ಕೂತಳು. ಹಾಸುಗಲ್ಲು ಕಾದು ಹಂಚಾಗಿತ್ತು. ಇಷ್ಟು ಕಾದಿರುತ್ತದೆಂದು ಯಾವ ಪರದೆಯೂ ಅವಳಿಗೆ ಹೇಳಿರಲಿಲ್ಲ. ಬಂದ ಗಾಡಿ ನಿಂತಿತು; ಸ್ವರೂಪಾ ಏಳಲಿಲ್ಲ. ನಿಮಿಷ ಕಾದು ಅದು ಹೋಯಿತು. ಅವ್ವ ಇನ್ನೂ ಮುಂದಿನ ಕಟ್ಟೆ ಮುಟ್ಟಿರಲಾರಳು. ಎರಡನೆಯ ಗಾಡಿ ಬಂತು. ಮೊದಲನೆಯದನ್ನು ಹತ್ತದ ಭಾರಕ್ಕೂ ಅದು ನಿಂತಿತು. ಅವಳು ಹತ್ತಿ ಕಿಟಕಿಯ ಪಕ್ಕದ ಸೀಟಿನ ಮೇಲೆ ದುಪಟ್ಟಾ ಹಾಕಿ ಪಕ್ಕದಲ್ಲಿ ಕೂತಳು.

ಮುಂದಿನ ಕಟ್ಟೆಯಲ್ಲಿ ಮಹಾದೇವಿ ಹತ್ತಿದಳು. ದುಪಟ್ಟಾ ನೋಡಿದಳು. ಅದನ್ನೆತ್ತಿ ಮಡಿಚಿ ಮಗಳ ಕೈಗೆ ಕೊಟ್ಟು ಕೂತಳು.

"ನಿಂತಿತ್ತೇನು, ನಮ್ಮ ಕಟ್ಟಿಗೆ?"

"ನಿಂತ್ತವ್ವಾ."

"ಹೂಂ."

ಗಾಡಿ ಹೊರಟಿತು. ಬಿಸಿಲ ಕಡೆಯ ಪರದೆಗಳು ಇಳಿದು ಒಳಗೆ ತಂಪಾದ ಮಬ್ಬು ತುಂಬಿತ್ತು. ಮಹಾದೇವಿ ತನ್ನ ಕಿಟಕಿಯ ಪರದೆಯನ್ನು ಎರಡೂ ಕೈಯಿಂದ ಮೇಲೆತ್ತಿದಳು. ಬಿಸಿಲು ದಡಕ್ಕನೆ ಒಳಗೆ ಬಿದ್ದಿತು.

ಹಿಂದಿನ ಸೀಟಿನಿಂದ ಒಬ್ಬ ತರುಣಿ, "ಅಮ್ಮಾರ, ಪರದೆ ಬಿಡ್ರಿ, ತಂಪೆಲ್ಲಾ ಹೊಂಟತಿ" ಎಂದಳು. "ಕರೆಂಟು ಹಾಳಾಗ್ತೈತಲ್ರೀ."

ಮಹಾದೇವಿ ಪರದೆ ಬಿಡಲಿಲ್ಲ. ಮುಂದೆ ಒಂದು ಕಟ್ಟೆ ಬರುತ್ತಿತ್ತು. ಹಣೆಯನ್ನು ಗಾಜಿಗೆ ಒತ್ತಿ ನೋಡಿದಳು. ಯಾರೂ ಇರಲಿಲ್ಲ. ಗಾಡಿ ನಿಲ್ಲದೆ ದಾಟಿತು. ಅದು ಹಿಂದೆ ಸರಿದು ಮರೆಯಾಗುವವರೆಗೂ ಅವಳು ಕತ್ತು ತಿರುಗಿಸಿ ನೋಡುತ್ತಲೇ ಇದ್ದಳು. ಆಮೇಲೆ ಮುಂದಿನದಕ್ಕೆ ಮುಖ ಮಾಡಿದಳು.

ಪರದೆ ತಾನಾಗಿ ಇಳಿಯಲು ಎಳೆಯುತ್ತಿತ್ತು. ಅದರ ಜೊತೆ ಅವಳ ಕೈಗಳೂ ತುಸು ಕೆಳಗೆ ಬಂದವು. ಸ್ವರೂಪಾ ಏಳದೆಯೇ ತನ್ನದೊಂದು ಕೈಯನ್ನು ಮೇಲೆತ್ತಿ ಪರದೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡಳು. ಹುಬ್ಬಳ್ಳಿ ಬರುವವರೆಗೂ ಹಾಗೆಯೇ ಹಿಡಿದಿದ್ದಳು.